ಹಳೆಯ ಎಂಜಿಬಿ ಮಿಸ್ ಹೊಡೆದಾಗ

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಹತ್ತಿರ ಆಬಿಂಗ್ಡನ್ ಎಂಬ ಸಣ್ಣ ಊರಿದೆ. ಅಲ್ಲಿದ್ದ ಎಂಜಿ ಕಾರ್ಖಾನೆ 1962ರಲ್ಲಿ ಎರಡು ಸೀಟಿನ ಒಂದು ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಅದರ ಹೆಸರು ಎಂಜಿಬಿ. 1980ರ ಅಕ್ಟೋಬರ್‌ನಲ್ಲಿ ಕೊನೆಯ ಕಾರು ಹೊರಬೀಳುವ ಹೊತ್ತಿಗೆ ಮೇಲ್ಛಾವಣಿಯ ಜಿಟಿ ಮಾದರಿಯೂ ಸೇರಿ 5 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು. ಅವುಗಳಲ್ಲಿ ಬಹಳಷ್ಟು ಇವತ್ತಿಗೂ ರಸ್ತೆಯ ಮೇಲಿವೆ. ಅರವತ್ತು ವರ್ಷದ ಇಂಜಿನ್ ನಡುದಾರಿಯಲ್ಲಿ ಕೆಮ್ಮಿದರೆ, ಮಿಸ್ ಹೊಡೆದರೆ, ಸುಮ್ಮನೆ ನಿಂತುಬಿಟ್ಟರೆ ಕಾರಣವನ್ನು ಹುಡುಕುವುದು ಹೇಗೆ? ಇವತ್ತಿನ ನನ್ನ ಮಾತು ಅದರ ಬಗ್ಗೆ.

ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರಿಗೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ, ಅದೂ ರಕ್ತಸಂಬಂಧ. ಎಂಜಿಬಿಗಿಂತ ಮುಂಚೆ, 1955ರಲ್ಲಿ, ಅದೇ ಆಬಿಂಗ್ಡನ್ನಿನಿಂದ ಎಂಜಿಎ ಬಂದಿತ್ತು. ಅದರೊಳಗಿದ್ದದ್ದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸರಣಿಯ 1489 ಸಿಸಿ ಇಂಜಿನ್. ಅದೇ 1489 ಸಿಸಿ ಇಂಜಿನ್ ನಮ್ಮ ಅಂಬಾಸಿಡರ್‌ಗೂ ಬಂತು, ದಶಕಗಳ ಕಾಲ ಅದರ ಬಾನೆಟ್ಟಿನ ಕೆಳಗೆ ದುಡಿಯಿತು. ಎಂಜಿಬಿಯ ಇಂಜಿನ್ ಇದೇ ಮನೆತನದ್ದು, ಗಾತ್ರ 1798 ಸಿಸಿಗೆ ಬೆಳೆದಿದೆ ಅಷ್ಟೆ. ಅಂಬಾಸಿಡರ್‌ಗೆ ಒಂದು ಎಸ್‌ಯು ಕಾರ್ಬೊರೇಟರ್, ಎಂಜಿಬಿಗೆ ಎರಡು. ಕ್ಯಾಮ್, ಪುಶ್‌ರಾಡ್, ರಾಕರ್, ಎಂಟು ವಾಲ್ವ್, 1-3-4-2 ಎಂಬ ಫೈರಿಂಗ್ ಆರ್ಡರ್, ಎಲ್ಲವೂ ಒಂದೇ. ವಿಧಾನಸೌಧದ ಬಿಳಿ ಅಂಬಾಸಿಡರ್‌ಗಳನ್ನು, ಜಿಲ್ಲಾ ಕೇಂದ್ರಗಳ ಟ್ಯಾಕ್ಸಿಗಳನ್ನು ನೋಡಿಕೊಂಡ ನಮ್ಮ ಮೇಸ್ತ್ರಿಗಳ ಕೈಗೆ ಎಂಜಿಬಿಯ ಇಂಜಿನ್ ಹೊಸದಲ್ಲ.

ಇಂಜಿನ್ ಸರಿಯಿಲ್ಲ ಎಂದ ಕೂಡಲೇ ಹೆಚ್ಚಿನವರ ಕೈ ಹೋಗುವುದು ಕಾರ್ಬೊರೇಟರ್ ಕಡೆಗೆ. ಅದು ಕಣ್ಣಿಗೆ ಬೀಳುತ್ತದೆ, ತಿರುಗಿಸಲು ಸ್ಕ್ರೂ ಇದೆ, ತಿರುಗಿಸಿದರೆ ಇಂಜಿನ್ನಿನ ದನಿಯೂ ಬದಲಾಗುತ್ತದೆ. ಹಾಗಾಗಿ ಏನೋ ಸರಿಹೋಯಿತು ಎನ್ನಿಸುತ್ತದೆ. ಆದರೆ ಕಾರ್ಬೊರೇಟರ್ ತಾನಾಗಿ ರಾತ್ರೋರಾತ್ರಿ ಕೆಡುವುದು ಬಹಳ ಕಡಿಮೆ. ನಿನ್ನೆ ಚೆನ್ನಾಗಿ ಓಡಿದ ಕಾರು ಇವತ್ತು ಓಡುತ್ತಿಲ್ಲ ಎಂದರೆ ಮೊದಲ ಅನುಮಾನ ಕರೆಂಟಿನ ಮೇಲೆ ಇರಬೇಕು. ಕಾರ್ಬೊರೇಟರ್ ದೋಷ ಎಂದುಕೊಂಡದ್ದರಲ್ಲಿ ಮುಕ್ಕಾಲು ಪಾಲು ಡಿಸ್ಟ್ರಿಬ್ಯೂಟರ್ ದೋಷವೇ ಆಗಿರುತ್ತದೆ ಎಂದು ಅನುಭವಸ್ಥರು ಹೇಳುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ.

ಸ್ಪ್ಯಾನರ್ ಹಿಡಿಯುವುದಕ್ಕೆ ಮೊದಲು ಒಂದಷ್ಟು ಪ್ರಶ್ನೆ ಕೇಳಬೇಕು. ತೊಂದರೆ ಇಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಏರು ಹತ್ತುವಾಗಲೋ, ಸಿಗ್ನಲ್ಲಿನಲ್ಲಿ ನಿಂತಾಗಲೋ? ತಟ್ಟನೆ ನಿಂತಿತೋ, ತೊದಲುತ್ತಾ ತೊದಲುತ್ತಾ ನಿಂತಿತೋ? ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆಯೋ? ಇತ್ತೀಚೆಗೆ ಯಾರಾದರೂ ಏನಾದರೂ ಬಿಚ್ಚಿದ್ದರೋ? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಸರ್ವಿಸ್ ಆದ ಮಾರನೆಯ ದಿನ ಬಂದ ತೊಂದರೆಗೆ ಉತ್ತರ ಬಹುಪಾಲು ಆ ಸರ್ವಿಸ್‌ನಲ್ಲೇ ಸಿಗುತ್ತದೆ.

ಒಂದು ತೊಂದರೆಯನ್ನು ವಿವರವಾಗಿ ನೋಡೋಣ, ಏಕೆಂದರೆ ಹಳೆಯ ಕಾರುಗಳ ಮಾಲೀಕರನ್ನು ಅತಿ ಹೆಚ್ಚು ಕಾಡುವುದು ಅದೇ. ಕಾರು ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಇಪ್ಪತ್ತು ಇಪ್ಪತ್ತೈದು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಮಿಸ್ ಹೊಡೆಯಲು ಶುರು, ಕಡೆಗೆ ನಿಲ್ಲುತ್ತದೆ. ಅರ್ಧ ಗಂಟೆ ನೆರಳಿನಲ್ಲಿ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಗ್ಯಾರೇಜಿಗೆ ತಂದಾಗ ತಣ್ಣಗಾಗಿರುವುದರಿಂದ ಮೆಕ್ಯಾನಿಕ್‌ಗೆ ಏನೂ ಕಾಣುವುದಿಲ್ಲ.

ಇಲ್ಲಿ ಮೊದಲ ಸಾಕ್ಷಿ ಆರ್‌ಪಿಎಂ ಮೀಟರ್. ತೀರಾ ಮೊದಲಿನ ಕಾರುಗಳನ್ನು ಬಿಟ್ಟರೆ ಎಂಜಿಬಿಯಲ್ಲಿ ಇದು ಕರೆಂಟಿನಿಂದ ನಡೆಯುತ್ತದೆ, ಕಾಯಿಲ್‌ಗೆ ಹೋಗಿಬರುವ ಕರೆಂಟನ್ನು ನೋಡಿ ಮುಳ್ಳು ಓಡುತ್ತದೆ. ಗೇರಿನಲ್ಲಿ ಸಾಗುತ್ತಿರುವಾಗ ಇಂಜಿನ್ ಸತ್ತರೂ ಚಕ್ರಗಳು ಅದನ್ನು ತಿರುಗಿಸುತ್ತಲೇ ಇರುತ್ತವೆ. ಆ ಕ್ಷಣದಲ್ಲಿ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದರೆ ಕಾಯಿಲ್‌ನ ಪ್ರೈಮರಿ ಸರ್ಕ್ಯೂಟಿನಲ್ಲಿ ಎಲ್ಲೋ ಕಡಿತವಿದೆ ಎಂದರ್ಥ. ಇಗ್ನಿಷನ್ ಸ್ವಿಚ್ಚು, ಸಡಿಲವಾದ ವೈರು, ಪಾಯಿಂಟ್, ಕಂಡೆನ್ಸರ್ ಇವುಗಳ ಕಡೆ ನೋಡಬೇಕು. ಮುಳ್ಳು ಇಂಜಿನ್ನಿನ ವೇಗದ ಜೊತೆಗೇ ಮೆಲ್ಲಗೆ ಇಳಿದರೆ ಪ್ರೈಮರಿ ಸರಿಯಿದೆ. ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಹೈ ಟೆನ್ಷನ್ ಕಿಡಿ ಬೇರೆಲ್ಲೋ ಸೋರಿಹೋಗುತ್ತಿದೆ. ಒಂದು ಮೀಟರಿನ ಮುಳ್ಳು ಅರ್ಧ ಕೆಲಸ ಮುಗಿಸಿಕೊಡುತ್ತದೆ. ಹಾಗಾಗಿ ಕಾರು ನಿಂತ ಗಾಬರಿಯಲ್ಲೂ ಚಾಲಕನ ಕಣ್ಣು ಅಲ್ಲಿಗೆ ಹೋಗಬೇಕು.

ಗಾಡಿಯನ್ನು ಬದಿಗೆ ಹಾಕಿ ಕೀ ತಿರುಗಿಸಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಬಲಗಡೆಯ ಹಿಂಚಕ್ರದ ಹತ್ತಿರ ಎಸ್‌ಯು ಪೆಟ್ರೋಲ್ ಪಂಪು ಟಿಕ್ ಟಿಕ್ ಎನ್ನಬೇಕು, ಎರಡೂ ಕಾರ್ಬೊರೇಟರ್‌ಗಳ ಫ್ಲೋಟ್ ಬೌಲ್ ತುಂಬಿದ ಮೇಲೆ ನಿಲ್ಲಬೇಕು. ನಿಲ್ಲದೆ ವೇಗವಾಗಿ ಬಡಿದುಕೊಳ್ಳುತ್ತಿದ್ದರೆ ಅದು ಪೆಟ್ರೋಲಿನ ಬದಲು ಗಾಳಿ ಎಳೆಯುತ್ತಿದೆ. ಶಬ್ದವೇ ಇಲ್ಲದಿದ್ದರೆ ಪಂಪಿನೊಳಗಿನ ಪಾಯಿಂಟ್ ಸುಟ್ಟಿರಬಹುದು, ಅರ್ಥ್ ವೈರು ತುಕ್ಕು ಹಿಡಿದಿರಬಹುದು. ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಎಚ್ಚರಗೊಂಡರೆ ದೋಷ ಪಾಯಿಂಟಿನದ್ದೇ. ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನೂ ಒಮ್ಮೆ ತೆಗೆದು ನೋಡಿ. ಸುಯ್ಯೆಂದು ಗಾಳಿ ಒಳಗೆ ನುಗ್ಗಿ, ಆಮೇಲೆ ಕಾರು ಹೊರಟರೆ ಟ್ಯಾಂಕಿಗೆ ಗಾಳಿ ಬರುವ ದಾರಿ ಮುಚ್ಚಿದೆ. ಎಷ್ಟೋ ಜನ ಇದಕ್ಕಾಗಿ ಹೊಸ ಪಂಪನ್ನೇ ಹಾಕಿಸಿದ್ದಾರೆ.

ಪೆಟ್ರೋಲ್ ಸರಿಯಾಗಿ ಬರುತ್ತಿದೆ ಎಂದಾದರೆ ಕಿಡಿ ನೋಡಿ. ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿನ ವೈರನ್ನು ಕಿತ್ತು, ಕರೆಂಟ್ ತಾಗದ ಇಕ್ಕಳದಲ್ಲಿ ಹಿಡಿದು, ಇಂಜಿನ್ ಬ್ಲಾಕಿನಿಂದ ಐದಾರು ಮಿಲಿಮೀಟರ್ ದೂರದಲ್ಲಿಟ್ಟು ಸೆಲ್ಫ್ ಹೊಡೆಸಿ. ನೀಲಿ ಬಣ್ಣದ, ಚಟಚಟ ಎನ್ನುವ ಕಿಡಿ ಬರಬೇಕು. ಹಳದಿಯಾಗಿ, ಸೊರಗಿದ ಕಿಡಿ ಬಂದರೆ ಕಂಡೆನ್ಸರ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಹತ್ತಿರದಲ್ಲಿ ಪೆಟ್ರೋಲ್ ಸೋರಿಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಕಂಡೆನ್ಸರ್ ಯಾಕೆ ಇಷ್ಟು ಕಾಡುತ್ತದೆ? ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ತೆರೆದಾಗ ಕಾಯಿಲ್‌ನ ಪ್ರೈಮರಿ ಕರೆಂಟ್ ತಟ್ಟನೆ ನಿಲ್ಲಬೇಕು. ಎಷ್ಟು ತಟ್ಟನೆ ನಿಂತರೆ ಸೆಕೆಂಡರಿಯಲ್ಲಿ ಅಷ್ಟು ಹೆಚ್ಚು ವೋಲ್ಟೇಜು. ಆದರೆ ಹರಿಯುತ್ತಿದ್ದ ಕರೆಂಟ್ ಸುಲಭಕ್ಕೆ ನಿಲ್ಲುವುದಿಲ್ಲ, ತೆರೆದ ಪಾಯಿಂಟ್ ನಡುವೆ ಕಿಡಿಯಾಗಿ ಹಾರಲು ನೋಡುತ್ತದೆ. ಆ ಕರೆಂಟನ್ನು ಒಂದು ಕ್ಷಣ ತನ್ನೊಳಗೆ ಎಳೆದುಕೊಳ್ಳುವುದು ಕಂಡೆನ್ಸರ್‌ನ ಕೆಲಸ. ಅದರ ಸಾಮರ್ಥ್ಯ ಸುಮಾರು 0.2 ಮೈಕ್ರೋಫ್ಯಾರಡ್ ಮಾತ್ರ. ಬಿಸಿಗೆ ಅದರೊಳಗಿನ ಇನ್ಸುಲೇಷನ್ ಸೋತರೆ ಪಾಯಿಂಟ್ ಸುಡುತ್ತದೆ, ಪ್ಲಗ್ಗಿಗೆ ಕಿಡಿ ಸಾಲದಾಗುತ್ತದೆ. ತಣ್ಣಗಾದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಅರ್ಧ ಗಂಟೆಯ ನೆರಳಿನ ಗುಟ್ಟು ಇದೇ. ಇಂಥ ಕಾರಿನ ಪಾಯಿಂಟನ್ನು ಬಿಚ್ಚಿ ನೋಡಿ, ಮುಖ ಕಪ್ಪಾಗಿ ಕುಳಿಬಿದ್ದಿರುತ್ತದೆ. ಪಾಯಿಂಟ್ ಮಾತ್ರ ಹೊಸದು ಹಾಕಿ ಕಂಡೆನ್ಸರ್ ಹಳೆಯದೇ ಬಿಟ್ಟರೆ ಹೊಸ ಪಾಯಿಂಟೂ ಬೇಗನೆ ಸುಡುತ್ತದೆ. ಪಾಯಿಂಟ್ ಗ್ಯಾಪು 0.35ರಿಂದ 0.40 ಮಿಲಿಮೀಟರ್ ಇರಬೇಕು, ಫೀಲರ್ ಗೇಜ್ ಹಾಕಿಯೇ ನೋಡಬೇಕು.

ನಡುವಿನ ವೈರಿನಲ್ಲಿ ಒಳ್ಳೆಯ ಕಿಡಿ, ಆದರೆ ಪ್ಲಗ್ಗುಗಳಲ್ಲಿ ಇಲ್ಲ ಎಂದಾದರೆ ರೋಟರ್ ನೋಡಿ. ಹಿತ್ತಾಳೆಯ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ ಅಗ್ಗದ ರೋಟರ್‌ಗಳು ಮಾರುಕಟ್ಟೆಯಲ್ಲಿವೆ. ಕಿಡಿ ಆ ರಿವೆಟ್ಟಿನ ಮೂಲಕ ಕೆಳಗಿನ ಶಾಫ್ಟಿಗೆ ಇಳಿದು ಮಾಯವಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಈ ಕಾರಣಕ್ಕೇ ನಾನು ಹೊಸ ಭಾಗವನ್ನು ಕಣ್ಣುಮುಚ್ಚಿ ನಂಬಬೇಡಿ ಎನ್ನುತ್ತೇನೆ. ಕೆಲಸ ಮಾಡುತ್ತಿದ್ದ ಹಳೆಯ ರೋಟರನ್ನು, ಹಳೆಯ ಕಂಡೆನ್ಸರನ್ನು ಬಿಸಾಡದೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.

ಪೆಟ್ರೋಲ್ ಬಿಸಿಗೆ ಆವಿಯಾಗುವುದೂ ಉಂಟು. ಈ ಇಂಜಿನ್ನಿನಲ್ಲಿ ಕಾರ್ಬೊರೇಟರ್‌ಗಳ ಸರಿ ಕೆಳಗೇ ಎಕ್ಸಾಸ್ಟ್ ಕೊಳವೆಗಳಿವೆ. ಆದರೆ ಆ ತೊಂದರೆ ಬರುವುದು ಬಿಸಿ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡುವಾಗ, ಅಥವಾ ಟ್ರಾಫಿಕ್ಕಿನಲ್ಲಿ ತೆವಳುವಾಗ. ಹೆದ್ದಾರಿಯಲ್ಲಿ ಗಾಳಿ ಬಡಿಯುತ್ತಾ ಓಡುವಾಗ ನಿಂತ ಕಾರಿಗೆ ಆವಿಯ ಕಾರಣ ಹೇಳುವುದು ಸರಿಯಲ್ಲ.

ಇನ್ನು ಒಂದೇ ಸಮನೆ ಮಿಸ್ ಹೊಡೆಯುವ ಇಂಜಿನ್. ಇದಕ್ಕೆ ಈ ಇಂಜಿನ್ನಿನ ಹೆಡ್ ಹೇಗಿದೆ ಎಂದು ತಿಳಿದಿರಬೇಕು. ನಾಲ್ಕು ಸಿಲಿಂಡರ್‌ಗೆ ಒಟ್ಟು ಐದೇ ದಾರಿಗಳು. ಮಿಶ್ರಣ ಒಳಗೆ ಹೋಗಲು ಎರಡು: ಒಂದು ಮತ್ತು ಎರಡನೆಯ ಸಿಲಿಂಡರ್‌ಗಳು ಒಂದನ್ನು ಹಂಚಿಕೊಳ್ಳುತ್ತವೆ, ಮೂರು ಮತ್ತು ನಾಲ್ಕು ಇನ್ನೊಂದನ್ನು. ಹೊಗೆ ಹೊರಬರಲು ಮೂರು: ಎರಡು ತುದಿಗಳಿಗೆ ಒಂದೊಂದು, ನಡುವಿನ ಎರಡು ಮೂರಕ್ಕೆ ಸೇರಿ ಒಂದು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಒಂದೊಂದೇ ಪ್ಲಗ್ ವೈರನ್ನು ಕಿತ್ತು ಕೇಳಿ. ಕಿತ್ತಾಗ ಇಂಜಿನ್ ಇನ್ನಷ್ಟು ಕುಂಟಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಏನೂ ವ್ಯತ್ಯಾಸವಾಗದಿದ್ದರೆ ದುಡಿಯದೇ ಇದ್ದದ್ದು ಅದೇ. ಒಂದು ಮತ್ತು ಎರಡು ಸೇರಿ ಸೊರಗಿದ್ದರೆ ಮುಂದಿನ ಕಾರ್ಬೊರೇಟರ್ ಅಥವಾ ಅದರ ಗ್ಯಾಸ್ಕೆಟ್ ನೋಡಿ. ಮೂರು ನಾಲ್ಕು ಸೊರಗಿದ್ದರೆ ಹಿಂದಿನದು. ಎರಡು ಮೂರು ಸೇರಿ ಸತ್ತಿದ್ದರೆ ಕಾರ್ಬೊರೇಟರ್ ಮುಟ್ಟಲೇಬೇಡಿ, ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಒಂದೇ ಸಿಲಿಂಡರ್ ಸತ್ತಿದ್ದರೆ ಅದರ ಪ್ಲಗ್, ವೈರು, ಇಲ್ಲವೇ ವಾಲ್ವ್.

ಬಿಚ್ಚಿದ ಪ್ಲಗ್ಗನ್ನು ಒರೆಸಿ ಬಿಡಬೇಡಿ, ಅದನ್ನು ಓದಿ. ಬೆಂಗಳೂರಿನ ಆಡುಗೋಡಿಯ ಮೈಕೋ ಪ್ಲಗ್ಗುಗಳನ್ನು ಬೆಳಕಿಗೆ ಹಿಡಿದು ನೋಡುತ್ತಲೇ ನಮ್ಮ ಹಿರಿಯ ಮೆಕ್ಯಾನಿಕ್‌ಗಳು ಈ ವಿದ್ಯೆ ಕಲಿತರು. ತಿಳಿ ಕಂದು ಬಣ್ಣವಿದ್ದರೆ ಸರಿ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ಜಿಡ್ಡು ಹಿಡಿದು ಕಪ್ಪಾಗಿದ್ದರೆ ಆಯಿಲ್ ಮೇಲೆ ಬರುತ್ತಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆಯಾಗಿ ಇಂಜಿನ್ ಒಳಗೆ ಕಾಯುತ್ತಿದೆ.

ಆಮೇಲೆ ಕಂಪ್ರೆಷನ್ ಪರೀಕ್ಷೆ. ಇಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಬ್ಯಾಟರಿ ತುಂಬಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಬಂದ ಅಂಕಿ ಪ್ರಯೋಜನವಿಲ್ಲ. ಒಳ್ಳೆಯ ಎಂಜಿಬಿಯಲ್ಲಿ ಸಮುದ್ರಮಟ್ಟದಲ್ಲಿ ಚದರ ಅಂಗುಲಕ್ಕೆ ಸುಮಾರು 160 ಪೌಂಡ್ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಹತ್ತರಲ್ಲಿ ಒಂದು ಪಾಲು ಕಡಿಮೆ. ಹಾಗಾಗಿ ಇಲ್ಲಿ 145 ಬಂದರೆ ಇಂಜಿನ್ ಸವೆದಿದೆ ಎಂದು ಹೆದರಬೇಕಿಲ್ಲ. ಅಂಕಿಗಿಂತ ನಾಲ್ಕರ ನಡುವಿನ ಅಂತರ ಮುಖ್ಯ, ಅದು ಶೇಕಡಾ 10 ಮೀರಬಾರದು. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ವ್ಯಾಕ್ಯೂಮ್ ಗೇಜ್ ಇಡುವವರಿಗೂ ಇದೇ ಎಚ್ಚರಿಕೆ: ಕೈಪಿಡಿಯಲ್ಲಿ 18ರಿಂದ 21 ಅಂಗುಲ ಎಂದಿದ್ದರೆ ಬೆಂಗಳೂರಿನಲ್ಲಿ ಸುಮಾರು 3 ಅಂಗುಲ ಕಳೆದುಕೊಳ್ಳಿ. ಮುಳ್ಳು ಒಂದೇ ತಾಳದಲ್ಲಿ ಹಿಂದಕ್ಕೆ ಹಾರುತ್ತಿದ್ದರೆ ಒಂದು ವಾಲ್ವ್ ಸುಟ್ಟಿದೆ.

ವಾಲ್ವ್ ಸುಡುವ ಮಾತು ಬಂತು. ಈ ಕಾರುಗಳು ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ. ಆ ಸೀಸ ವಾಲ್ವ್ ಕೂರುವ ಸೀಟನ್ನು ಕಾಪಾಡುತ್ತಿತ್ತು. ಭಾರತದಲ್ಲಿ 2000ದ ಫೆಬ್ರವರಿಯಿಂದ ಸೀಸರಹಿತ ಪೆಟ್ರೋಲ್ ಮಾತ್ರ ಸಿಗುತ್ತಿದೆ. ನಮ್ಮ ಆರೋಗ್ಯಕ್ಕೆ ಅದು ಬೇಕೇ ಬೇಕಿತ್ತು. ಆದರೆ ಗಟ್ಟಿ ಸೀಟ್ ಹಾಕಿಸದ ಹಳೆಯ ಬೀಡುಕಬ್ಬಿಣದ ಹೆಡ್‌ನಲ್ಲಿ, ಜೋರಾಗಿ ಓಡಿಸಿದಷ್ಟೂ ಎಕ್ಸಾಸ್ಟ್ ವಾಲ್ವ್ ಸೀಟಿನೊಳಕ್ಕೆ ಇಳಿಯುತ್ತಾ ಹೋಗುತ್ತದೆ. ಇಳಿದಂತೆಲ್ಲ ಟ್ಯಾಪೆಟ್ ಗ್ಯಾಪು ಮುಚ್ಚಿಕೊಳ್ಳುತ್ತದೆ. ಗ್ಯಾಪಿಲ್ಲದ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಸುಡುತ್ತದೆ. ಆದ್ದರಿಂದ ಟ್ಯಾಪೆಟ್ ಶಬ್ದ ಮಾಡುತ್ತದೆ ಎಂದು ಹೆದರುವವರಿಗೆ ನಾನು ಹೇಳುವುದು ಇಷ್ಟು: ಶಬ್ದ ಮಾಡುವುದಕ್ಕಿಂತ ಇದ್ದಕ್ಕಿದ್ದಂತೆ ಶಬ್ದ ನಿಲ್ಲಿಸಿದ ಟ್ಯಾಪೆಟ್ ಅಪಾಯ.

ಗ್ಯಾಪು ತಣ್ಣಗಿದ್ದಾಗ 0.38 ಮಿಲಿಮೀಟರ್. ಹೊಂದಿಸಲು ಒಂಬತ್ತರ ಲೆಕ್ಕ ಇದೆ. ಒಂದನೆಯ ವಾಲ್ವ್ ಪೂರ್ತಿ ತೆರೆದಾಗ ಎಂಟನೆಯದನ್ನು ಹೊಂದಿಸಿ, ಮೂರನೆಯದು ತೆರೆದಾಗ ಆರನೆಯದನ್ನು. ಎರಡೂ ಸೇರಿ ಯಾವಾಗಲೂ ಒಂಬತ್ತಾಗಬೇಕು. ಅಂಬಾಸಿಡರ್ ಮೇಸ್ತ್ರಿಗಳಿಗೆ ಇದು ಬಾಯಿಪಾಠ.

ಇಷ್ಟೆಲ್ಲ ಆದ ಮೇಲೆ ಕಾರ್ಬೊರೇಟರ್. ಎಸ್‌ಯು ಕಾರ್ಬೊರೇಟರ್ ಒಂದು ಸುಂದರ ವಸ್ತು. ಒಂದು ಪಿಸ್ಟನ್, ಒಂದು ಸೂಜಿ, ಒಂದು ಜೆಟ್. ಇಂಜಿನ್ ಎಷ್ಟು ಗಾಳಿ ಎಳೆಯುತ್ತದೋ ಪಿಸ್ಟನ್ ಅಷ್ಟು ಮೇಲೇಳುತ್ತದೆ, ಜೊತೆಗೆ ಸೂಜಿಯೂ ಎದ್ದು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ತನ್ನ ಸ್ಥಿತಿಯನ್ನು ತಾನೇ ಹೇಳುವ ಏರ್ಪಾಡೂ ಅದರಲ್ಲಿದೆ. ಪಕ್ಕದ ಸಣ್ಣ ಪಿನ್ನನ್ನು ಒತ್ತಿ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ. ಇಂಜಿನ್ ವೇಗ ಏರಿ ಹಾಗೇ ಉಳಿದರೆ ಪೆಟ್ರೋಲ್ ಹೆಚ್ಚಾಗಿದೆ. ಬಿದ್ದು ನಿಲ್ಲುವಂತಾದರೆ ಕಡಿಮೆಯಾಗಿದೆ. ಒಂದು ಕ್ಷಣ ಸ್ವಲ್ಪ ಏರಿ ಮತ್ತೆ ಮೊದಲಿನಂತಾದರೆ ಸರಿಯಿದೆ. ಎರಡರಲ್ಲೂ ಹೀಗೆ ನೋಡಿ. ಎರಡೂ ಸಮವಾಗಿ ಗಾಳಿ ಎಳೆಯುತ್ತಿವೆಯೇ ಎಂದು ತಿಳಿಯಲು ಒಂದು ತುಂಡು ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬೊರೇಟರ್ ಬಾಯಿಗೂ ಇಟ್ಟರೆ ಸಾಕು, ಸುಯ್ ಎನ್ನುವ ದನಿ ಎರಡರಲ್ಲೂ ಒಂದೇ ಇರಬೇಕು. ಆಕ್ಸಿಲರೇಟರ್ ಒತ್ತಿದ ತಕ್ಷಣ ಇಂಜಿನ್ ತಡವರಿಸಿದರೆ ಮೇಲಿನ ಡ್ಯಾಂಪರ್‌ನಲ್ಲಿ ಆಯಿಲ್ ಇದೆಯೇ ನೋಡಿ. ಎಷ್ಟು ಹೊಂದಿಸಿದರೂ ಐಡ್ಲಿಂಗ್ ಸ್ಥಿರವಾಗದಿದ್ದರೆ ಥ್ರಾಟಲ್ ಶಾಫ್ಟ್ ಸವೆದು ಅಲ್ಲಿಂದ ಗಾಳಿ ನುಗ್ಗುತ್ತಿದೆ.

ಈಗಿನ ಪೆಟ್ರೋಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಬಂಕುಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ, ಬರೀ ಪೆಟ್ರೋಲಿಗೆ ಹೊಂದಿಸಿದ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಎಥನಾಲ್ ಗಾಳಿಯಲ್ಲಿನ ನೀರನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹಳೆಯ ರಬ್ಬರ್ ಪೈಪುಗಳು ಮೆತ್ತಗಾಗಿ ಒಡೆಯುತ್ತವೆ. ಆ ಪೈಪುಗಳ ಕೆಳಗೇ ಕೆಂಪಗೆ ಕಾಯುವ ಎಕ್ಸಾಸ್ಟ್ ಇದೆ ಎಂಬುದನ್ನು ನೆನಪಿಡಿ. ಎಥನಾಲ್ ತಾಳುವ ಪೈಪುಗಳನ್ನು ಹಾಕಿಸುವ ತನಕ ಹಳೆಯ ಕಾರನ್ನು ರಸ್ತೆಗೆ ತರಬೇಡಿ. ಇಂಜಿನ್ ಹೋದರೆ ಮತ್ತೆ ಕಟ್ಟಬಹುದು, ಬೆಂಕಿ ಬಿದ್ದರೆ ಏನೂ ಉಳಿಯುವುದಿಲ್ಲ.

ಇನ್ನೊಂದು ಎಚ್ಚರಿಕೆ. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ಥ್ ಆಗಿರುತ್ತದೆ. ಇದನ್ನು ನೋಡದೆ ಪಾಯಿಂಟ್ ಬದಲಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿದರೆ ಕೀ ತಿರುಗಿಸಿದ ಕ್ಷಣವೇ ಸುಟ್ಟುಹೋಗುತ್ತದೆ.

ಏನೇ ಹುಡುಕಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ, ಬರೆದಿಡಿ. ಪ್ಲಗ್, ಪಾಯಿಂಟ್, ಕಾಯಿಲ್, ಕಾರ್ಬೊರೇಟರ್ ಕಿಟ್ ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಕಾರು ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ, ಹೊಸ ದೋಷ ಬಂದರೆ ಎಲ್ಲಿಂದ ಬಂತೆಂದೂ ಗೊತ್ತಾಗುವುದಿಲ್ಲ.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಆ ಇಂಜಿನ್ನನ್ನು ಬರೀ ದನಿಯಿಂದ ಗುರುತಿಸಬಲ್ಲ ಮೇಸ್ತ್ರಿಗಳು ಇನ್ನೂ ನಮ್ಮ ಊರುಗಳಲ್ಲಿದ್ದಾರೆ, ಅವರಲ್ಲಿ ಅನೇಕರಿಗೆ ವಯಸ್ಸಾಗಿದೆ, ಗ್ಯಾರೇಜಿಗೆ ಕೆಲಸ ಬರುವುದು ಕಡಿಮೆಯಾಗಿದೆ. ಹಳೆಯ ಕಾರುಗಳ ಮೇಲೆ ಪ್ರೀತಿಯಿರುವ ಕಿರಿಯರಲ್ಲಿ ನನ್ನ ಕೋರಿಕೆ ಇದು: ನಿಮ್ಮ ಊರಿನ ಅಂಥ ಮೇಸ್ತ್ರಿಯನ್ನು ಹುಡುಕಿ, ಅವರು ಟ್ಯಾಪೆಟ್ ಹೊಂದಿಸುವಾಗ ಪಕ್ಕದಲ್ಲಿ ನಿಂತು ನೋಡಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಈ ವರ್ಷವೇ ಹೋಗಿ.